ನೆರಳು-ಬೆಳಕಿನ ಚಂದಾ

ಛಾಯಾಗ್ರಹಣದ ಪತ್ರಿಕೆಯಲ್ಲಿ ಕಲಿತ ವರಸೆ ತೋರಿಸಲು ಹೋಗಿ ಸ್ಟುಡಿಯೋದ ಯಜಮಾನರು ಗಿರಾಕಿಯೊಬ್ಬರ ಪಾಸ್‌ಪೋರ್ಟ್ ಫೋಟೋದಲ್ಲಿ ಅರ್ಧ ಮುಖವನ್ನು ನೆರಳಿಗೆ ತಳ್ಳಿದ್ದರು. ಮರುದಿನವೇ ಗಿರಾಕಿ ಫೋಟೋ ಹಿಡಿದು ಬಂದರು.

"ಉಳಿದರ್ಧ ಮುಖ ಎಲ್ಲಿ ಅಂತ ಆಫೀಸಿನಲ್ಲಿ ಕೇಳ್ತಿದ್ದಾರೆ ಸ್ವಾಮಿ!"

ಪಕ್ಕದಲ್ಲಿ ಫೋಟೋಗಳ ಅಂಚು ಕತ್ತರಿಸುತ್ತಿದ್ದ ಯಜಮಾನರ ಹೆಂಡತಿ ನಗು ನುಂಗಿಕೊಂಡಳು. ಪತ್ರಿಕೆಯ ಚಂದಾ ಆ ತಿಂಗಳಿಗೆ ಮುಗಿಯುತ್ತಿತ್ತು.

"ಇನ್ನು ಸಾಕು, ದುಡ್ಡು ದಂಡ," ಎಂದು ಗಿರಾಕಿ ಹೋದಮೇಲೆ ಯಜಮಾನರೇ ಮುಖ ಸಣ್ಣದು ಮಾಡಿಕೊಂಡು ಅಂದರು.

ಆ ಮುಖ ಅವಳಿಂದ ನೋಡಲಾಗಲಿಲ್ಲ. ಹೊಸ ಚಪ್ಪಲಿಗೆಂದು ಎತ್ತಿಟ್ಟಿದ್ದ ದುಡ್ಡನ್ನು ಮೇಜಿನ ಮೇಲಿಟ್ಟಳು.

"ಚಂದಾ ಕಟ್ಟಿಬಿಡಿ. ಹಳೇ ಚಪ್ಪಲಿ ಇನ್ನೊಂದು ವರ್ಷ ನನ್ನ ಕಾಲು ಹಿಡ್ಕೊಂಡು ಬಿದ್ದಿರಲಿ. ಅಂದಹಾಗೆ, ಆ ಪತ್ರಿಕೆಯಲ್ಲಿ ನಿಮಗೆ ಅಷ್ಟೊಂದು ಇಷ್ಟ ಆಗೋದು ಏನ್ರೀ?"

ನೆರಳು-ಬೆಳಕಿನ ದೊಡ್ಡ ಮಾತು ಬರುತ್ತದೆಂದು ಅವಳು ಕಾದಳು.

"ಅದರ ತುಂಬ ಬರೀ ಬೆಟ್ಟಗಳು ಕಣೇ. ಅವು ಫೋಟೋ ತೆಗೆಯೋವಾಗ ಕಣ್ಣು ಮುಚ್ಚಲ್ಲ."