ಎಡೆಗಿಟ್ಟ ಸೀರೆ

ನಮ್ಮ ಕಡೆ ಮಾರ್ಲಮಿ ಅಂದರೆ ತೀರಿಕೊಂಡವರ ಹಬ್ಬ. ದಸರಾ ಶುರುವಾಗುವ ಹಿಂದಿನ ಅಮಾವಾಸ್ಯೆಗೆ ಪಾಂಡವಪುರದ ಸುತ್ತಿನ ಊರುಗಳಲ್ಲಿ ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರೆ. ಗೋಡೆಯ ಬದಿಗೆ ಕಳಸ, ಕಳಸದ ಪಕ್ಕ ಹೊಸ ಬಟ್ಟೆ, ಮುಂದೆ ಬಾಳೆ ಎಲೆ, ಎಲೆಯ ಮೇಲೆ ಸತ್ತವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದ ಪದಾರ್ಥ. ದೇವರಿಗೆ ಯಾವುದು ಪ್ರೀತಿ ಎಂದು ಹೇಳಲು ಪುರೋಹಿತರಿದ್ದಾರೆ. ಸತ್ತವರಿಗೆ ಯಾವುದು ಪ್ರೀತಿ ಎಂಬುದು ಮನೆಯವರಿಗೇ ನೆನಪಿರಬೇಕು. ನಮ್ಮ ತಾತನ ಎಲೆಗೆ ಬೋಟಿ ಗೊಜ್ಜು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ನನ್ನ ಅವ್ವನ ಎಲೆಗೆ ಉಪ್ಪು, ಹಸಿಮೆಣಸಿನಕಾಯಿ ಹಾಕಿ ಕುಟ್ಟಿದ ಹುಣಸೆಹಣ್ಣಿನ ಉಂಡೆ.

ಅವ್ವ ಹೋದಾಗ ಅವಳಿಗೆ ಇಪ್ಪತ್ತೆರಡು, ನನಗೆ ಎರಡು. ಬಾಡಿನ ಸಾರು, ಕಜ್ಜಾಯ, ವಡೆಗಳ ನಡುವೆ ಆ ಹುಣಸೆ ಉಂಡೆ ಇಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ಬ್ಯಾಗಿನಿಂದ ತೆಗೆದಿಟ್ಟು ಮರೆತು ಹೋದದ್ದರಂತೆ ಕಾಣುತ್ತಿತ್ತು. ನೋಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು, ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ.

ಆ ಉಂಡೆ ಕುಟ್ಟುತ್ತಿದ್ದವಳು ನನ್ನ ಚಿಕ್ಕವ್ವ. ಅಂದರೆ, ಅವ್ವ ಹೋದ ಮರುವರ್ಷ ಅಪ್ಪ ನಾಗಮಂಗಲದ ಕಡೆಯಿಂದ ಮಾಡಿಕೊಂಡು ಬಂದ ಎರಡನೆಯ ಹೆಂಡತಿ. ಅವಳು ನನ್ನ ಅವ್ವನನ್ನು ಕಣ್ಣಿನಿಂದ ಕಂಡವಳೇ ಅಲ್ಲ. ಮನೆಯಲ್ಲಿದ್ದದ್ದು ಒಂದೇ ಫೋಟೊ, ಅದೂ ಮದುವೆಯದು, ಬಾಸಿಂಗದ ಮರೆಯಲ್ಲಿ ಅರ್ಧ ಮುಖ. ಅಪ್ಪನನ್ನು ಕೇಳಿದರೆ "ಇಟ್ಟಿದ್ನ ಉಣ್ತಿದ್ಳು, ಇನ್ನೇನು" ಎನ್ನುತ್ತಿದ್ದ. ಯಾವ ಹಸು ಯಾವ ಹುಲ್ಲಿಗೆ ಬಾಯಿ ಹಾಕುತ್ತದೆ ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು, ಹೆಂಡತಿಯರ ವಿಷಯ ಅಷ್ಟು ಗೊತ್ತಿರಲಿಲ್ಲ. ಹೀಗಾಗಿ ಚಿಕ್ಕವ್ವ ಮದುವೆಯಾಗಿ ಬಂದ ವರ್ಷವೇ ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಿಸಿಕೊಂಡು ಅಕ್ಕಿಹೆಬ್ಬಾಳಿಗೆ, ಅವ್ವನ ತವರಿಗೆ, ಒಬ್ಬಳೇ ಹೋಗಿದ್ದಳಂತೆ. ತನ್ನನ್ನು ಕಂಡರೆ ಮುಖ ಸಿಂಡರಿಸುವ ನನ್ನಜ್ಜಿಯ ಎದುರು ಕೂತು, ಅಕ್ಕನಿಗೆ ಏನೇನು ಇಷ್ಟವಿತ್ತು ಎಂದು ಕೇಳಿ ತಿಳಿದುಕೊಂಡು ಬಂದಳು. ಆ ಕಾಣದ ಸವತಿಯನ್ನು ಅವಳು ಕರೆಯುತ್ತಿದ್ದದ್ದು ಹಾಗೆಯೇ, ಅಕ್ಕ ಎಂದು.

ಎಡೆಯಲ್ಲಿ ಅಕ್ಕನಿಗೆ ಒಂದು ಹೊಸ ಸೀರೆಯೂ ಇರಬೇಕು. ಮುತ್ತೈದೆಯಾಗಿ ಹೋದವಳಲ್ಲವೇ. ಆ ಸೀರೆ ಒಂದು ರಾತ್ರಿ ಕಳಸದ ಪಕ್ಕ ಇರುತ್ತದೆ. ಮಾರನೆಯ ದಿನ ಬೆಳಿಗ್ಗೆ ಎರಡನೆಯ ಹೆಂಡತಿ ತಲೆಗೆ ನೀರು ಹಾಕಿಕೊಂಡು ಅದನ್ನು ಉಡಬೇಕು. ಹಾಗೆ ಉಟ್ಟರೆ ಹೋದವಳು ಇದ್ದವಳನ್ನು ಒಪ್ಪಿಕೊಂಡಂತೆ, ಈ ಮನೆ, ಈ ಗಂಡ, ಈ ಮಗು ನಿನ್ನದೂ ಹೌದು ಎಂದಂತೆ. ಚಿಕ್ಕವ್ವನಿಗೆ ವರ್ಷಕ್ಕೊಂದು ಒಳ್ಳೆಯ ಸೀರೆ ಅಂತ ಸಿಗುತ್ತಿದ್ದದ್ದು ಅದೊಂದೇ. ಅದೂ ಅಕ್ಕನಿಗೆ ಇಷ್ಟವಾದ ಬಣ್ಣದ್ದು.

ನಾನು ಏಳನೇ ಕ್ಲಾಸಿನಲ್ಲಿದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷ ಸೀರೆ ತರಲು ಚಿಕ್ಕವ್ವ ನನ್ನನ್ನೂ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದಳು. ಪೇಟೆಯ ಬಟ್ಟೆ ಅಂಗಡಿಯ ಸಾಹೇಬರು ವಯಸ್ಸಾದವರು. ಅವ್ವನನ್ನು ಅವಳು ಹೊಸ ಮದುವಣಗಿತ್ತಿಯಾಗಿದ್ದಾಗಿನಿಂದ ಬಲ್ಲವರು. ಚಿಕ್ಕವ್ವ ಒಂದು ನೇರಳೆ ಬಣ್ಣದ ಸೀರೆಯ ಅಂಚನ್ನು ಬೆರಳಿನಲ್ಲಿ ಸವರುತ್ತಾ ನಿಂತಿದ್ದಳು. ಸಾಹೇಬರು ನಕ್ಕು, "ಅದು ನಿಮ್ಮ ಪಸಂದ್ ಅಮ್ಮಾ. ಅವರು ಬಂದ್ರೆ ಹಸಿರು ಬಿಟ್ಟು ಬೇರೆ ಕಡೆ ನಜರೇ ಹಾಕ್ತಿರ್ಲಿಲ್ಲ" ಎಂದರು. ಚಿಕ್ಕವ್ವ ನೇರಳೆಯನ್ನು ಬಿಟ್ಟು, ಗಿಳಿಹಸಿರಿನ ಮೈಗೆ ಅರಗಿನ ಬಣ್ಣದ ಅಂಚಿದ್ದ ಸೀರೆ ಕಟ್ಟಿಸಿದಳು. ಅಲ್ಲಿಂದ ಗಂಜಾಮಿಗೆ ಹೋಗಿ ನಿಮಿಷಾಂಬೆಗೆ ಬಳೆ ಕೊಟ್ಟಳು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದಳು. ಮದುವೆಯಾಗಿ ಅಷ್ಟು ವರ್ಷಗಳಾದ ಮೇಲೆ ಅವಳು ಮೂರು ತಿಂಗಳ ಬಸುರಿ ಎಂಬುದು ಮನೆಯಲ್ಲಿ ನನಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ನನಗೆ ಹೇಳಿರಲಿಲ್ಲ, ಅದೇ ನನ್ನ ಸಿಟ್ಟು.

ನನ್ನದು ಆಗಲೂ ಮೂಗಿನ ತುದಿಯಲ್ಲೇ ಕೋಪ. ಅದಕ್ಕೆ ಉಪ್ಪು ಖಾರ ಹಚ್ಚಿದವಳು ಅಜ್ಜಿ. ಮಗಳ ಎಡೆಗೆಂದು ಹಬ್ಬದ ಹಿಂದಿನ ದಿನವೇ ಬಂದಿದ್ದ ಅವಳು ನನ್ನ ತಲೆ ಬಾಚುತ್ತಾ, "ನನ್ ಮಗಳ ಸೀರೆ ಉಟ್ಕೊಂಡು ಇವ್ಳು ಮೆರೀತಾವ್ಳೆ. ನಿಂಗೆ ನಿಮ್ಮವ್ವಂದು ಅಂತ ಒಂದು ತುಂಡು ಬಟ್ಟೆನಾರ ಅದಾ? ನಾಳೆ ಇವ್ಳಿಗೊಂದು ಮಗ ಆದ್ರೆ ನೀನು ಯಾರು ಈ ಮನೆಗೆ?" ಎಂದಳು. ಅವ್ವನ ಬಟ್ಟೆಯನ್ನೆಲ್ಲ ತಿಥಿಯ ದಿನವೇ ಕೊಟ್ಟುಬಿಟ್ಟಿದ್ದರು. ನನ್ನ ಬಳಿ ನಿಜಕ್ಕೂ ಏನೂ ಇರಲಿಲ್ಲ.

ಅಮಾವಾಸ್ಯೆಯ ಸಂಜೆ ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಸತ್ತವರು ಉಣ್ಣುವಾಗ ಇದ್ದವರು ನೋಡಬಾರದು. ಜಗಲಿಯಲ್ಲಿ ಅಪ್ಪ, ಅಜ್ಜಿ, ನಾನು ಕೂತಿದ್ದೆವು. ಚಿಕ್ಕವ್ವ ಮಾತ್ರ ಬಾಗಿಲಿಗೆ ಹತ್ತಿರ ನಿಂತಿದ್ದಳು, ಕೈ ಹೊಟ್ಟೆಯ ಮೇಲಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋದ. ಒಳಗೆ ಹೊಗೆ ತುಂಬಿತ್ತು, ಸೀರೆ ಇಟ್ಟಲ್ಲೇ ಇತ್ತು. ಆ ಹಸಿರನ್ನು ನೋಡುತ್ತಾ ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು.

ಬೆಳಿಗ್ಗೆ ಎದ್ದಾಗ ಚಿಕ್ಕವ್ವ ಸ್ನಾನ ಮಾಡಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು, ಸೀರೆಯ ಸೆರಗಿನ ತುದಿಗೆ ಅರಿಶಿನ ಹಚ್ಚುತ್ತಿದ್ದಳು. ನಾನು ಕಂಬಕ್ಕೆ ಒರಗಿ ನಿಂತು ಹೇಳಿದೆ.

"ಚಿಕ್ಕವ್ವ, ಅವ್ವ ಕನಸಿಗೆ ಬಂದಿದ್ಳು."

ಅವಳ ಮುಖ ಅರಳಿತು. ಇದನ್ನು ನಾನು ಇವತ್ತಿಗೂ ಮರೆತಿಲ್ಲ, ಮೊದಲು ಅರಳಿತು. "ಔದಾ? ಎಂಗಿದ್ಳು ಮಗ? ಏನಂದ್ಳು?"

"ನನ್ ಸೀರೆ ಅವ್ಳು ಉಡಬಾರ್ದು ಅಂದ್ಳು."

ನಮ್ಮ ಮನೆಗಳಲ್ಲಿ ಕನಸಿಗೆ ಬಂದವರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ಸತ್ತವರು ಕನಸಿನಲ್ಲಿ ನೀರು ಕೇಳಿದರು ಎಂದರೆ ಮಾರನೆಯ ದಿನವೇ ಸಮಾಧಿಗೆ ತಂಬಿಗೆ ನೀರು ಹಾಕಿ ಬರುತ್ತಾರೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು. ಕನಸೂ ಇಲ್ಲ, ಅವ್ವನೂ ಬಂದಿರಲಿಲ್ಲ. ಅರ್ಧ ಮುಖದ ಫೋಟೊ ಬಿಟ್ಟರೆ ಕನಸಿನಲ್ಲಿ ಗುರುತು ಹಿಡಿಯುವಷ್ಟು ಅವ್ವ ನನಗೆ ಗೊತ್ತೂ ಇರಲಿಲ್ಲ.

ಚಿಕ್ಕವ್ವ ಸೀರೆಯನ್ನು ಮಡಿಕೆಗೆ ಮಡಿಕೆ ಸೇರಿಸಿ ಮಡಚಿ, ಕಳಸಕ್ಕೆ ಕೈ ಮುಗಿದು, ಕಬ್ಬಿಣದ ಟ್ರಂಕಿನಲ್ಲಿ ಇಟ್ಟಳು. ಹಳೆಯ ಸೀರೆ ಉಟ್ಟುಕೊಂಡು ಹಾಲು ಕರೆಯಲು ಹೋದಳು. ಅವತ್ತು ನಾನು ಗೆದ್ದೆ ಎಂದುಕೊಂಡೆ. ಹುಣಸೆ ಉಂಡೆಯನ್ನು ಚಪ್ಪರಿಸಿಕೊಂಡು ತಿಂದೆ.

ದೀಪಾವಳಿಗೆ ಇನ್ನೂ ನಾಲ್ಕು ದಿನವಿತ್ತು, ಚಿಕ್ಕವ್ವನ ಬಸುರು ಇಳಿದುಹೋಯಿತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದಳು. ಮಧ್ಯಾಹ್ನ ಕೊಟ್ಟಿಗೆಯಲ್ಲಿ ಅಪ್ಪನಿಗೆ ಹೇಳುತ್ತಿದ್ದದ್ದು ಹಿತ್ತಿಲಲ್ಲಿದ್ದ ನನಗೆ ಕೇಳಿಸಿತು.

"ಅಕ್ಕ ನನ್ನ ಒಪ್ಲಿಲ್ಲ ಕನ. ಸೀರೆ ಉಡ್ಬ್ಯಾಡ ಅಂದ್ಳು, ಮಗೀನೂ ಕಿತ್ಕೊಂಡ್ಬುಟ್ಳು."

"ಸುಮ್ಕಿರು, ಸತ್ತೋರು ಅಂಗೆಲ್ಲ ಮಾಡ್ತಾರಾ" ಎಂದ ಅಪ್ಪ. ಅವನ ದನಿಯಲ್ಲೂ ಗಟ್ಟಿತನವಿರಲಿಲ್ಲ.

ಆಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹನ್ನೆರಡು ವರ್ಷದವಳು, ನನ್ನ ಸುಳ್ಳಿನಿಂದಲೇ ಮಗು ಹೋಯಿತು ಎಂದು ನಾನೂ ನಂಬಿದ್ದೆ. ಅವ್ವನ ಬಾಯಲ್ಲಿ ನಾನು ಮಾತು ಇಟ್ಟೆ, ಅವ್ವ ಅದನ್ನು ನಡೆಸಿಕೊಟ್ಟಳು ಎಂದು ಹೆದರಿದ್ದೆ.

ಆಮೇಲೆ ಚಿಕ್ಕವ್ವನಿಗೆ ಮಕ್ಕಳಾಗಲಿಲ್ಲ. ಪ್ರತಿ ಮಾರ್ಲಮಿಗೂ ಅವಳು ಶ್ರೀರಂಗಪಟ್ಟಣದಿಂದ ಹಸಿರು ಸೀರೆ ತರುವುದು ನಿಲ್ಲಲಿಲ್ಲ. ಹುಣಸೆಹಣ್ಣು ಕುಟ್ಟುವುದೂ ನಿಲ್ಲಲಿಲ್ಲ. ಹೊರಗೆ ಬಾಗಿಲ ಬಳಿ ನಿಂತು ಏನೋ ಮಣಮಣ ಅನ್ನುತ್ತಿದ್ದಳು. ಒಂದು ಸಲ ಹತ್ತಿರ ಸರಿದು ಕೇಳಿದೆ. "ಅಕ್ಕಾ, ತಪ್ಪಾಗಿದ್ರೆ ಹೊಟ್ಟೆಗೆ ಆಕ್ಕೊ. ಈ ವರ್ಸನಾರ ಒಪ್ಕೊ" ಎನ್ನುತ್ತಿದ್ದಳು. ಮಾರನೆಯ ಬೆಳಿಗ್ಗೆ ನಾನು ಕಣ್ಣು ಬಿಡುವುದನ್ನೇ ಕಾಯುತ್ತಾ ಹಾಸಿಗೆಯ ಪಕ್ಕ ಕೂತಿರುತ್ತಿದ್ದಳು.

"ಕನಸಿಗೆ ಏನಾರ ಬಂದಿದ್ಳಾ ಮಗ?"

"ಇಲ್ಲ ಚಿಕ್ಕವ್ವ."

"ಓಗ್ಲಿ ಬುಡು." ಅಷ್ಟು ಹೇಳಿ ಎದ್ದು ಹೋಗಿ ಸೀರೆಯನ್ನು ಟ್ರಂಕಿಗೆ ಸೇರಿಸುತ್ತಿದ್ದಳು.

ಒಂದು ಮಾತು ಸಾಕಿತ್ತು. ಬಂದಿದ್ದಳು, ಉಟ್ಟುಕೋ ಎಂದಳು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮೊದಲ ವರ್ಷ ಭಯಕ್ಕೆ ನಾಲಿಗೆ ಹೊರಳಲಿಲ್ಲ. ಆಮೇಲೆ ಅವ್ವನ ಹೆಸರಿನಲ್ಲಿ ಇನ್ನೊಂದು ಸುಳ್ಳು ಹೇಳಲು ಧೈರ್ಯ ಸಾಲಲಿಲ್ಲ. ಹೈಸ್ಕೂಲು, ಕಾಲೇಜು ಎಂದು ನಾನು ಬುದ್ಧಿವಂತಳಾದಂತೆಲ್ಲ, ಕನಸಿಗೂ ಬಸುರಿಗೂ ಸಂಬಂಧವಿಲ್ಲ ಎಂಬುದು ನನಗೆ ಖಚಿತವಾಯಿತು. ನನ್ನ ಭಯ ಕಳೆಯಿತು, ಅವಳದು ಹಾಗೆಯೇ ಉಳಿಯಿತು. ನಾಚಿಕೆಯಾಗುತ್ತದೆ ಹೇಳಲು, ಅದರಲ್ಲೂ ನನಗೆ ಅನುಕೂಲವಿತ್ತು. ಸತ್ತ ಸವತಿಯ ಮಗಳು ಎಂಬ ಹೆದರಿಕೆಯಿಂದಲೋ ಏನೋ, ಚಿಕ್ಕವ್ವ ನನಗೆ ಯಾವತ್ತೂ ಗದರಲಿಲ್ಲ. ಕಾಲೇಜಿಗೆ ಕಳಿಸುವುದು ಬೇಡ ಎಂದ ಅಪ್ಪನೊಡನೆ ಜಗಳವಾಡಿ ಕಳಿಸಿದವಳೂ ಅವಳೇ. ಅದು ಹೆದರಿಕೆಯೋ ಪ್ರೀತಿಯೋ ಎಂದು ಬಿಡಿಸಿ ನೋಡುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ.

ನನ್ನ ಮದುವೆ ನಾಗಮಂಗಲದ ಹುಡುಗನೊಂದಿಗೆ ಗೊತ್ತಾಯಿತು, ಚಿಕ್ಕವ್ವನ ತವರಿನ ಕಡೆಯವರೇ. ಮದುವೆಗೆ ಮೊದಲು ಹಿರಿಯರಿಗೆ ಎಡೆ ಇಟ್ಟು ತಿಳಿಸಬೇಕು. ಅದರ ಹಿಂದಿನ ದಿನ, ಊಟದ ಹೊತ್ತು ಕಳೆದ ಮೇಲೆ, ಚಿಕ್ಕವ್ವ ನನ್ನನ್ನು ಒಳಮನೆಗೆ ಕರೆದು ಬಾಗಿಲು ಹಾಕಿಕೊಂಡಳು. ಟ್ರಂಕು ತೆರೆದಳು. ನುಸಿಗುಳಿಗೆಯ ವಾಸನೆ ಗಮ್ಮೆಂದು ಬಂತು. ಒಂದರ ಮೇಲೊಂದು ಎಂಟು ಹಸಿರು ಸೀರೆ. ಮಡಿಕೆ ಮುರಿಯದವು.

"ಇವೆಲ್ಲ ನಿಮ್ಮವ್ವಂದು ಕನವ್ವ. ಒಂದನ್ನೂ ನಾನು ಮೈಗೆ ತಾಕಿಸಿಲ್ಲ, ಆಣೆಗೂ. ನಿಂಗೆ ಸೇರ್ಬೇಕಾದ್ದು. ತಗೊಂಡೋಗು. ಇವನ್ನ ನೀನು ಉಟ್ರೆ ಅಕ್ಕನ ಮನಸಿಗೆ ಸಮಾಧಾನ ಆಯ್ತದೆ. ನನ್ ಮ್ಯಾಲಿನ ಸಿಟ್ಟೂ ಇಳೀಬೋದು."

ಹನ್ನೆರಡನೆಯ ವಯಸ್ಸಿನಲ್ಲಿ ನಾನು ಬಯಸಿದ್ದು ಇದೇ ಸೀರೆ. ಅದನ್ನು ಅವಳು ಎರಡೂ ಕೈಯಲ್ಲಿ ಎತ್ತಿ ಕೊಡುತ್ತಿದ್ದಳು. ನನಗೆ ಮುಟ್ಟಲಾಗಲಿಲ್ಲ. ಅವಳ ಕಾಲ ಬಳಿ ಕೂತುಬಿಟ್ಟೆ.

"ಚಿಕ್ಕವ್ವ, ಅವತ್ತು ಕನಸು ಬಿದ್ದಿರ್ಲಿಲ್ಲ. ನಾನೇ ಕಟ್ಟಿ ಹೇಳ್ದೆ. ಅಜ್ಜಿ ಏನೇನೋ ಅಂದ್ಳು, ನಂಗೆ ಹೊಟ್ಟೆಕಿಚ್ಚಾಯ್ತು. ಅವ್ವ ಯಾವತ್ತೂ ನನ್ ಕನಸಿಗೆ ಬಂದಿಲ್ಲ."

ಬೈಯುತ್ತಾಳೆ ಎಂದುಕೊಂಡಿದ್ದೆ. ಹೊಡೆದರೂ ಸರಿ ಎಂದುಕೊಂಡಿದ್ದೆ. ಚಿಕ್ಕವ್ವ ಕೈಯಲ್ಲಿದ್ದ ಸೀರೆಗಳನ್ನು ಟ್ರಂಕಿನ ಅಂಚಿಗೆ ಇಟ್ಟು, ನನ್ನ ಮುಖವನ್ನೇ ನೋಡಿದಳು. ಹೊರಗೆ ಚಪ್ಪರದ ಗುಂಡಿ ತೋಡುವ ಹಾರೆಯ ಸದ್ದು ಕೇಳುತ್ತಿತ್ತು.

"ಅಂಗಾರೆ ಅಕ್ಕ ನನ್ ಮ್ಯಾಲೆ ಮುನಿಸ್ಕೊಂಡಿರ್ನಿಲ್ವಾ?"

"ಇಲ್ಲ ಚಿಕ್ಕವ್ವ."

"ಮಗೀನ ಅವ್ಳು ಕರ್ಕೊಂಡೋಗ್ಲಿಲ್ವಾ?"

"ಇಲ್ಲ."

"ದಿಟವಾಗ್ಲೂ?"

ನಾನು ಅವಳ ಪಾದ ಮುಟ್ಟಿ ಆಣೆ ಇಟ್ಟೆ. ಆಗ ಅವಳು ಅತ್ತಳು. ಮಗು ಹೋದಾಗಲೂ ಅವಳು ದನಿ ತೆಗೆದು ಅತ್ತದ್ದನ್ನು ನಾನು ಕೇಳಿರಲಿಲ್ಲ. ತನ್ನದೇ ತಪ್ಪಿಗೆ ಹೋದ ಮಗುವಿಗೆ ಯಾವ ಬಾಯಲ್ಲಿ ಅಳುವುದು ಎಂದುಕೊಂಡು ಎಂಟು ವರ್ಷ ಸುಮ್ಮನಿದ್ದಳು. ಈಗ ಗೋಡೆಗೆ ಹಣೆ ಕೊಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲದೆ, ಆ ಮಗುವಿಗಾಗಿ ಅತ್ತಳು. ಬಾಗಿಲು ತಟ್ಟಿದ ಅಪ್ಪನಿಗೆ ನಾನೇ "ಏನಿಲ್ಲ" ಎಂದು ಹೇಳಿ ಕಳಿಸಿದೆ. ನನಗೂ ಅಳು ಬಂತು, ಅದಕ್ಕೆ ಬೆಲೆಯಿಲ್ಲ ಎಂದು ನುಂಗಿಕೊಂಡೆ.

ಬಹಳ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಟ್ರಂಕಿನ ಕಡೆ ತಿರುಗಿದಳು. ತಳದಲ್ಲಿದ್ದ ಸೀರೆಯನ್ನು ಎಳೆದಳು. ಗಿಳಿಹಸಿರು, ಅರಗಿನ ಅಂಚು. ಸೆರಗಿನ ತುದಿಯಲ್ಲಿ ಅವಳು ಹಚ್ಚಿದ್ದ ಅರಿಶಿನ ಕಂದಿ ಹೋಗಿತ್ತು. ಅವಳು ಕೇಳಿದ್ದು ನನ್ನ ಅಪ್ಪಣೆಯನ್ನು.

"ಅಂಗಾರೆ ನಾನು ಉಟ್ಕೊಬೋದಾ?"

ಹೂಂ ಎಂದು ತಲೆಯಾಡಿಸಿದೆ.

ಮಾರನೆಯ ದಿನ ಎಡೆಯ ಹೊತ್ತಿಗೆ ಅದನ್ನೇ ಉಟ್ಟು ಬಂದಳು. ಎಂಟು ವರ್ಷದ ಮಡಿಕೆಗಳು ಎಷ್ಟು ನೀವಿದರೂ ಸಾಪಾಗಿರಲಿಲ್ಲ, ಮೈಮೇಲೆ ಗೆರೆಗೆರೆಯಾಗಿ ನಿಂತಿದ್ದವು. ಎಲೆ ಹಾಕಿ, ಕುಟ್ಟಿದ ಹುಣಸೆ ಉಂಡೆ ಬಡಿಸಿ, ಧೂಪ ಹಾಕಿದಳು. ನಾವೆಲ್ಲ ಹೊರಗೆ ಹೊರಟೆವು. ಬಾಗಿಲು ಎಳೆದುಕೊಳ್ಳಲು ಕೊನೆಗೆ ಉಳಿದವಳು ಅವಳು. ಕಳಸದ ಕಡೆ ತಿರುಗಿ, ಯಾರೋ ಎದುರಿಗೆ ಕೂತಿದ್ದಾರೆ ಎಂಬಷ್ಟು ಸಲೀಸಾಗಿ ಹೇಳಿದ್ದು ನನಗೆ ಕೇಳಿಸಿತು.

"ಇಷ್ಟು ವರ್ಸ ಸುಮ್ಸುಮ್ಕೆ ನಿಂಗೆ ಎದರ್ಕೊಂಡಿದ್ನಲ್ಲಕ್ಕ."