ಕ್ಯಾಸೆಟ್ಟಿನೊಳಗೆ ಹೋಗಲು ಒಲ್ಲದ ಕಾಕಾ

ಬಾಗ್ದಾದಿಗೆ ಹೋಗುವಾಗ ನನಗಿದ್ದ ಧೈರ್ಯವೆಲ್ಲ ಉರ್ದುವಿನದು. ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಧೂಳಿನಲ್ಲಿ ಬೆಳೆದವನು ನಾನು. ನಮ್ಮ ಓಣಿಯಲ್ಲಿ ಅರ್ಧ ಮಾತು ಕನ್ನಡ, ಇನ್ನರ್ಧ ಉರ್ದು. ಅರಬ್ಬಿ ಅಂದರೆ ಉರ್ದುವಿನ ದೊಡ್ಡಪ್ಪನ ಮಗ ಇರಬೇಕು, ಮುಖ ನೋಡಿದ ಕೂಡಲೇ ಗುರುತು ಸಿಗುತ್ತದೆ ಅಂದುಕೊಂಡಿದ್ದೆ. ಮೊದಲ ದಿನವೇ ರೊಟ್ಟಿ ಅಂಗಡಿಯವನ ಎದುರು ನಿಂತು ನನ್ನ ಉರ್ದುವನ್ನೆಲ್ಲ ಸುರಿದೆ. ಅವನು ಪೂರ್ತಿ ಕೇಳಿ, ಪಾಪ ಇವನಿಗೆ ಹುಷಾರಿಲ್ಲವೆಂದು ತಿಳಿದು ಒಂದು ಗ್ಲಾಸು ನೀರು ಕೊಟ್ಟ. ಆಮೇಲೆ ನಾನು ಅವನನ್ನೇ ಅಣಕಿಸಲು ಕಲಿತೆ. ನಾಲಿಗೆ ಲೊಚ್ ಅನ್ನಿಸಿ ಹುಬ್ಬು ಹಾರಿಸಿದರೆ ‘ಇಲ್ಲ’, ಎದೆಯ ಮೇಲೆ ಕೈಯಿಟ್ಟರೆ ‘ದೊಡ್ಡ ಉಪಕಾರವಾಯಿತು’. ಹದಿನೈದು ದಿನಗಳಲ್ಲಿ ನಾಲ್ಕು ಶಬ್ದ ಬರದಿದ್ದರೂ ಅರ್ಧ ಊರು ತಿರುಗಿ ಬಂದಿದ್ದೆ.

ಅಲ್ಲಿ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನದಿಯ ದಂಡೆಯ ಮೇಲೆ ದೊಡ್ಡದೊಂದು ಹೋಟೆಲು ಏಳುತ್ತಿತ್ತು. ಅದರ ನೆಲ ನಮ್ಮ ಪಾಲಿನದು. ನಾನು ಪಾಲಿಶ್ ಮಷಿನ್ ಓಡಿಸುವವನು. ನಮ್ಮ ಖೋಲಿಯಲ್ಲಿ ಆರು ಜನ. ವಾಡಿ, ಸೇಡಂ, ಚಿತ್ತಾಪುರ ಕಡೆಯವರು ನಾಲ್ವರು, ಐದನೆಯವನು ನಾನು, ಆರನೆಯವರು ಚಿಂಚೋಳಿ ತಾಲ್ಲೂಕಿನ ಸುಲೇಪೇಟದ ಕಲ್ಲು ಮೇಸ್ತ್ರಿ. ಎಲ್ಲರಿಗಿಂತ ಹಿರಿಯರಾದ್ದರಿಂದ ಅವರು ಎಲ್ಲರಿಗೂ ಕಾಕಾ. ಹೋಟೆಲಿನ ನಡುಮನೆಯಂಥ ದೊಡ್ಡ ಹಾಲಿನಲ್ಲಿ ಮೂರು ಬಣ್ಣದ ಕಲ್ಲು ಕೂಡಿಸಿ ಒಂದು ಹೂವು ಬಿಡಿಸುವ ಕೆಲಸ ಅವರಿಗೆ ಸಿಕ್ಕಿತ್ತು. ಹತ್ತು ಜನ ಕೈ ಹಿಡಿದು ನಿಂತರೂ ಸುತ್ತುವರಿಯಲಾಗದ ಹೂವು. ಅದರ ಮೇಲೆ ಚಪ್ಪಲಿ ಕಾಲಿಟ್ಟ ಇಂಜಿನಿಯರನನ್ನು ಕಾಕಾ ಅಪ್ಪಟ ಸುಲೇಪೇಟದ ಕನ್ನಡದಲ್ಲಿ ಬೈದಿದ್ದರು. ಅವನು ಜರ್ಮನಿಯವನು, ಆದರೂ ತಿಳಿಯಿತು.

ಆಗ ನಾವು ಊರಿಗೆ ಕಾಗದ ಬರೆಯುತ್ತಿದ್ದದ್ದು ಕಡಿಮೆ. ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಮಾತಾಡಿ, ರಜೆಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ ಕಳಿಸುವುದು. ಅದು ಮುಂಬಯಿಗೆ ಹಾರಿ, ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ಬಸ್ಸು ಹತ್ತುತ್ತಿತ್ತು. ನನ್ನ ಕ್ಯಾಸೆಟ್ಟುಗಳಲ್ಲಿ ಅಡಿಗೆಯವನು, ವಾಚಮನ್, ಇಂಜಿನಿಯರ್ ಎಲ್ಲರೂ ನನ್ನ ಬಾಯಿಂದಲೇ ಮಾತಾಡಿ ಹೋಗುತ್ತಿದ್ದರು. ನಮ್ಮವ್ವ ಉತ್ತರ ಕಳಿಸಿದ್ದಳು: “ಊರ ಮಂದಿ ಎಲ್ಲಾ ಬಂದ್ರು, ನೀ ಯಾವಾಗ ಬರ್ತೀಯೋ ಮಾತಾಡ್ಲಿಕ್ಕ? ಉಂಡಿ ಇಲ್ಲೋ ಅಷ್ಟರ ಹೇಳು.”

ಕಾಕಾನ ಕಷ್ಟ ಬೇರೆ. ದಿನವಿಡೀ ಬೈಯುವ ಬಾಯಿ ಕೆಂಪು ಗುಂಡಿ ಒತ್ತಿದ ಕೂಡಲೇ ಮುಚ್ಚಿಹೋಗುತ್ತಿತ್ತು. ಪಟಕ ಸುತ್ತಿ, ಅಂಗಿಯ ಗುಂಡಿ ಹಾಕಿಕೊಂಡು, ಫೋಟೋ ತೆಗೆಸುವವರ ಹಾಗೆ ಕೂಡುತ್ತಿದ್ದರು. ಎರಡು ಸಲ ಕೆಮ್ಮು. “ನಾನು ಕ್ಷೇಮ” ಅನ್ನುವುದು. ಮುಗಿಯಿತು. ಹಾಗೆ ಎರಡು ಕ್ಯಾಸೆಟ್ ಹೋದ ಮೇಲೆ ಅವರ ಹೆಂಡತಿ, ನಮ್ಮ ಕಾಕಿ, ಊರಿಂದ ಹೇಳಿ ಕಳಿಸಿದರು: ಎಲ್ಲರ ಗಂಡಂದಿರೂ ಮಾತಾಡುತ್ತಾರೆ, ನಮ್ಮವರು ಬರೀ ಕೆಮ್ಮುತ್ತಾರೆ, ಎದೆಗೆ ಏನಾದರೂ ಆಗಿದೆಯಾ?

“ನನ್ನಂಗ ನೀನೇ ಮಾತಾಡಿಬಿಡು ಮಾರಾಯಾ,” ಅಂದರು ಕಾಕಾ. “ದಿನಾ ಮಂದಿ ಮುಂದ ನನ್ನ ದನಿ ತೆಗದು ನಗಸ್ತಿ. ಇವತ್ತು ಉಪಯೋಗಕ್ಕರ ಬರಲಿ.”

ಕಾಕಾ ಡ್ಯೂಟಿಗೆ ಹೋದರು, ನಾನು ಕಾಕಾ ಆದೆ. ಗಂಟಲಿನ ಗೊರಗೊರ, ಮಾತಿನ ನಡುವೆ ಮೂಗು ಒರೆಸಿಕೊಳ್ಳುವ ಸದ್ದು, ಯಾವುದೂ ಬಿಡಲಿಲ್ಲ. ನನ್ನ ಕಲೆಗೆ ನಾನೇ ಮರುಳಾಗಿ, ಗಂಡನಾದವನು ಹೆಂಡತಿಗೆ ಏನು ಹೇಳಬೇಕೋ ಎಲ್ಲ ಹೇಳಿದೆ. ನಿನ್ನ ಮೈ ಹೇಗಿದೆ, ಬಿಸಿಲಲ್ಲಿ ಹೊಲಕ್ಕೆ ಹೋಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ನೆನಪು ಭಾಳ ಆಗುತ್ತದೆ. ಮದುವೆಯಾಗದ ಹುಡುಗ ನಾನು. ಗಂಡ ಹೆಂಡತಿ ಹಾಗೆಯೇ ಮಾತಾಡುತ್ತಾರೆಂದು ನಂಬಿದ್ದೆ.

ಐದು ವಾರದ ಮೇಲೆ ಉತ್ತರದ ಕ್ಯಾಸೆಟ್ ಬಂತು. ಆರೂ ಜನ ಸುತ್ತ ಕೂತೆವು. ಕಾಕಿಯ ದನಿ ಹೊರಬಂತು.

“ಏನ್ರಿ, ಏನಾಗ್ಯದ ನಿಮಗ? ಮನ್ಯಾಗ ಮಷಿನ್ ಇಲ್ಲಂತ ಬಸ್‌ಸ್ಟ್ಯಾಂಡಿನ ಹೋಟೆಲದಾಗ ಹಚ್ಚಿ ಕೇಳಿದ್ವಿ. ಚಾ ಕುಡ್ಯಾಕ ಬಂದ ಮಂದಿ ಎಲ್ಲಾ ಕೇಳಿದ್ರು. ನೆನಪು ಬರ್ತದಂತ ಅಂದ್ರಿ ಎಲ್ಲಾರ ಮುಂದ, ನಾ ಸೆರಗು ಮುಚಗೊಂಡು ಕುಂತೆ. ಇಪ್ಪತ್ತೆರಡು ವರ್ಷದಾಗ ಉಂಡಿ ಏನು ಅಂತ ಕೇಳಿಲ್ಲ ನೀವು. ಹಿಂಗ ಮೆತ್ತಗ ಮಾತಾಡೋದು ಮನಷ್ಯಾ ಹಾಸಗಿ ಹಿಡದಾಗ. ಖರೆ ಹೇಳ್ರಿ, ದವಾಖಾನ್ಯಾಗ ಇದ್ದೀರೇನು? ಮುಂದಿನ ಕ್ಯಾಸೆಟ್ಟಿನಾಗ ನೀವು ನೀವಾಗಿ ಮಾತಾಡ್ಲಿಲ್ಲಂದ್ರ ನಮ್ಮಣ್ಣ ತಾರ ಕೊಡ್ತಾನ. ನಿಮ್ಮವ್ವಗ ಸೀರಿಯಸ್ ಅಂತ ಬರಸ್ತಾನ. ಹೊಂಟ ಬರ್ರಿ.”

ಯಾರೂ ನಗಲಿಲ್ಲ. ಊರಿಂದ ಅಂಥ ತಂತಿ ಬಂದರೆ ಕಂಪನಿ ಮರುದಿನವೇ ಟಿಕೆಟ್ ಕೊಟ್ಟು ವಿಮಾನ ಹತ್ತಿಸುತ್ತಿತ್ತು, ಜಾಗಕ್ಕೆ ಇನ್ನೊಬ್ಬ ಮೇಸ್ತ್ರಿಯನ್ನು ಹಾಕುತ್ತಿತ್ತು. ಹೂವಿನ ಅರ್ಧದಷ್ಟು ಎಸಳುಗಳು ಇನ್ನೂ ಬಾಕಿ ಇದ್ದವು.

“ನನ್ನ ಹೂವಿಗೆ ಬ್ಯಾರೆದವ ಕೈ ಹಚ್ಚತಾನ,” ಅಂದರು ಕಾಕಾ. ಅಷ್ಟೇ. ನನ್ನನ್ನು ಬೈಯಲೂ ಇಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಮತ್ತೆ ಮಷಿನ್ ಮುಂದೆ ಕೂಡಿಸಿದೆವು. ಮತ್ತೆ ಎರಡು ಕೆಮ್ಮು, ಮತ್ತೆ ಕ್ಷೇಮ.

ಶುಕ್ರವಾರ ನಮಗೆ ರಜೆ. ಅಂದು ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವುದು ಕಾಕಾನ ಪಾಳಿ. ಹಿಟ್ಟು ಊರಿಂದ ಬಂದವರು ತಂದದ್ದು. ನಾನು ರೆಕಾರ್ಡರಿನ ಮೇಲೆ ಟವೆಲ್ಲು ಮುಚ್ಚಿ, ಸ್ಟೋವಿನ ಪಕ್ಕ ಇಟ್ಟು, ಗುಂಡಿ ಒತ್ತಿ, ತಟ್ಟೆ ಹಿಡಿದು ಕೂತೆ.

“ಕಾಕಾ, ಇದು ರೊಟ್ಟಿನೋ ಪರಸಿನೋ? ಪಾಲಿಶ್ ಹಚ್ಚಿ ತಿನ್ಲೇನು?”

“ಮುಚ್ಚೋ ಬಾಯಿ! ನಿಮ್ಮ ಶಹಾಬಾದದಾಗ ರೊಟ್ಟಿ ಅಂದ್ರೇನು ಗೊತ್ತದೇನು? ಕಲ್ಲು ತಿಂದು ಬೆಳದ ಮಗ ನೀ.”

“ಕಾಕಿ ಹಿಂಗೇ ದಪ್ಪ ಬಡೀತಾರೇನ್ರಿ?”

ಅಷ್ಟು ಸಾಕಾಯಿತು. “ಅಕಿ ಸುದ್ದಿಗೆ ಹೋಗಬ್ಯಾಡ ಮಗನ! ಅಕಿ ರೊಟ್ಟಿ ಅಂದ್ರ ಹಾಳಿ ಹಂಗ ಇರ್ತದ. ಆದ್ರ ಹೇಳಿದ ಮಾತು ಕೇಳಾಂಗಿಲ್ಲ. ಎಮ್ಮಿ ಬಾಗಲಾಗ ಕಟ್ಟಬ್ಯಾಡ ಅಂದ್ರ ಬಾಗಲಾಗೇ ಕಟ್ತಾಳ. ಇಷ್ಟೊತ್ತಿಗೆ ಅಲ್ಲೇ ಕಟ್ಟಿರ್ತಾಳ, ಬೇಕಾದ್ರ ಹೋಗಿ ನೋಡ್ಕೊಂಡು ಬಾ! ಅಣ್ಣಗ ಹೇಳಿ ತಾರ ಕೊಡಸ್ತಾಳಂತ. ಕೊಡಸ್ಲಿ! ನಾ ಅರ್ಧಾ ಹೂವು ಬಿಟ್ಟು ಬಂದ್ರ ಅಕಿ ಬಂದು ಕೂಡಸ್ತಾಳೇನು?” ಮಾತಿಗೊಂದು ಏಟು ರೊಟ್ಟಿಯ ಮೇಲೆ ಧಪ್ಪ ಧಪ್ಪ ಬೀಳುತ್ತಿತ್ತು.

ಟವೆಲ್ಲು ತೆಗೆದೆ. ಕಾಕಾ ಹಿಟ್ಟಿನ ಕೈಯಲ್ಲೇ ನನ್ನ ಕಿವಿ ಹಿಡಿದರು. ಅಳಿಸು ಅಂದರು. ಒಂದೇ ಸಲ ಕೇಳಿಬಿಡಿ ಅಂದೆ. ಪೂರ್ತಿ ಕೇಳಿದರು.

“ಇದು ನನ್ನ ದನಿ ಏನೋ? ಹರದ ಡೊಳ್ಳ ಬಡದಂಗದ.”

“ಹೌದ್ರಿ. ಅದಕ್ಕೇ ಗುರುತ ಹಿಡೀತಾರ.”

ಕೈಯ ಹಿಟ್ಟು ಒರೆಸಿಕೊಂಡು, “ಕಳಸು,” ಅಂದರು. “ಬಸ್‌ಸ್ಟ್ಯಾಂಡಿನ ಹೋಟೆಲದ ಮಂದಿ ಏನರ ಅನ್ಕೊಳ್ಳಿ.”

ಉತ್ತರ ಬರುವವರೆಗೆ ತಾರಿನವನ ಸೈಕಲ್ ಗಂಟೆ ಕೇಳಿದರೆ ನಾನೇ ಮೊದಲು ಹೊರಗೆ ಓಡುತ್ತಿದ್ದೆ. ಬಂದದ್ದು ಕ್ಯಾಸೆಟ್. ಕಾಕಿ ಮಾತು ಶುರು ಮಾಡುವ ಮೊದಲೇ ಹಿಂದೆ ಯಾರೋ ನಗುತ್ತಿದ್ದರು.

“ಕೇಳಿ ಜೀವ ತಣ್ಣಗಾತು ನೋಡ್ರಿ. ಗಟ್ಟಿ ಇದ್ದೀರಿ. ತಾರ ಬ್ಯಾಡ ಅಂದೀನಿ ಅಣ್ಣಗ. ಹೂವು ಮುಗಿಸೇ ಬರ್ರಿ. ಆದ್ರ ಹೋಟೆಲದ ಮಂದಿ ಮುಂದ ನನ್ನ ಎಮ್ಮಿ ಸುದ್ದಿ ತೆಗೀತೀರಿ? ಬಾಗಲಾಗ ಕಟ್ಟದ ಎಲ್ಲಿ ಕಟ್ಲಿ, ನಿಮ್ಮ ತಲೀ ಮ್ಯಾಲ ಕಟ್ಲೇನು? ಹಿತ್ತಲಾಗ ಕೆಸರು, ನೀವೇನು ಕಲ್ಲು ಹಾಸಿಕೊಟ್ಟೀರೇನು? ಪರದೇಶಕ್ಕ ಹೋಗಿ ಹಾಸತೀರಿ!”

ಕ್ಯಾಸೆಟ್ ಇನ್ನೂ ತಿರುಗುತ್ತಿತ್ತು. ಕಾಕಾನ ಮುಖ ಕೆಂಪೇರಿತು. ಆ ಕ್ಯಾಸೆಟ್ ಹೊರಗೆಳೆದು, ಹೊಸದನ್ನು ತಾವೇ ತುರುಕಿ, ತಾವೇ ಕೆಂಪು ಗುಂಡಿ ಒತ್ತಿದರು. ಪಟಕ ನೆನಪಾಗಲಿಲ್ಲ, ಕೆಮ್ಮೂ ನೆನಪಾಗಲಿಲ್ಲ.

“ಏ, ಕೇಳಾಕತ್ತೀ ಏನು? ಹಿತ್ತಲಾಗ ಕಲ್ಲು ಹಾಸ್ತೀನಿ ಅಂದಾಗ ಬ್ಯಾಡ ಅಂದಾಕಿ ಯಾರು?” ಅಂದವರು ನನ್ನ ಕಡೆ ತಿರುಗಿದರು. “ನೀ ಯಾಕ ಕುಂತಿ ಇಲ್ಲಿ? ಎದ್ದು ಹೊರಗ ನಡಿ. ಗಂಡ ಹೆಂಡತಿ ಮಾತಾಡಾಕತ್ತೀವಿ.”

ಹೊರಗೆ ಬಂದೆ. ಮೂಲೆಯ ಅಂಗಡಿಯಲ್ಲಿ ಬಿಸಿ ರೊಟ್ಟಿ ಒಲೆಯಿಂದ ಈಚೆ ಬರುತ್ತಿತ್ತು. ಒಂದು ಕೊಂಡು, ಗಿಡ್ಡ ಗ್ಲಾಸಿನ ಚಾ ಹಿಡಿದು ನಮ್ಮ ಖೋಲಿಯ ಬಾಗಿಲ ಎದುರು ಕೂತೆ. ಒಳಗೆ ಕಾಕಾ ಒಂದು ಮಗ್ಗುಲು ಮುಗಿಸಿ ಕ್ಯಾಸೆಟ್ ತಿರುವಿ ಹಾಕಿದ ಸದ್ದು ಕೇಳಿಸಿತು.