ಕೆಟ್ಲರಮ್ಮ ಮತ್ತು ರೊಟ್ಟಿ ಉಗ್ರಾಣದ ಅಧಿಕಾರಿ

ನೌಂಬುರ್ಗ್ ಊರಿನಲ್ಲಿ ರೋಸ್ವಿತಾ ಕೆಟ್ಲರ್ ಅಂದರೆ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ರಿಬ್ಬನ್ ಅಂಗಡಿ ಕೆಟ್ಲರಮ್ಮ ಅಂದರೆ ಚೌಕದ ಪಾರಿವಾಳಗಳಿಗೂ ಗೊತ್ತು. ಮೂವತ್ತೆಂಟು ವರ್ಷ ಒಂದೇ ಮೇಜಿನ ಹಿಂದೆ ನಿಂತು ಗುಂಡಿ, ದಾರ, ಲೇಸು, ರಿಬ್ಬನ್ನು ಕೊಟ್ಟ ಕೈ ಅದು. ಸರ್ಕಾರ ಬದಲಾಯಿತು, ನೋಟು ಬದಲಾಯಿತು, ಅಂಗಡಿಯ ಬೋರ್ಡು ಮೂರು ಸಲ ಬದಲಾಯಿತು. ಕೆಟ್ಲರಮ್ಮ ರಿಬ್ಬನ್ನು ಅಳೆದು, ತುದಿಯಲ್ಲಿ ಎರಡು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುವುದು ಮಾತ್ರ ಬದಲಾಗಲಿಲ್ಲ.

ಆಕೆಗೆ ಹಳೆಯ ಪಟಗಳ ಹುಚ್ಚು ಹತ್ತಿದ್ದು ಆ ಅಂಗಡಿಯಲ್ಲೇ. ಒಂದು ದಿನ ಮಾನ್‌ಫ್ರೆಡ್ ಊಲಿಗ್ ಬಂದ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತನಾದವನು, ಬಾಯಿ ಜೋರು. ಕಪ್ಪುಬಿಳುಪು ಫೋಟೋ ಒಂದನ್ನು ಮೇಜಿನ ಮೇಲಿಟ್ಟು, ಈ ಅಧಿಕಾರಿಯ ಎದೆಯ ಮೇಲಿನ ಪದಕಕ್ಕೆ ಇದ್ದಂಥದೇ ರಿಬ್ಬನ್ನು ಬೇಕು ಅಂದ. ಬಣ್ಣ ಯಾವುದು ಅಂತ ಆಕೆ ಕೇಳಿದರೆ, ಗೊತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ಎಂದು ಗುರುಗುಟ್ಟಿದ. ಕೆಟ್ಲರಮ್ಮ ಭೂತಗನ್ನಡಿ ಹಿಡಿದು ನೋಡಿದರು. ಪಟ್ಟೆ ಎಷ್ಟು ಅಗಲ, ಅಂಚು ಎಲ್ಲಿ ಮಡಿಚಿದೆ, ರೇಷ್ಮೆಯೋ ಹತ್ತಿಯೋ, ಎಲ್ಲ ಹೇಳಿಬಿಟ್ಟರು. ಮುಂದಿನ ತಿಂಗಳೇ ಮಾನ್‌ಫ್ರೆಡ್ ಆಕೆಯನ್ನು ತನ್ನ ಕೂಟಕ್ಕೆ ಕರೆದುಕೊಂಡು ಹೋದ.

ತಿಂಗಳ ಮೊದಲ ಶನಿವಾರ ಮಧ್ಯಾಹ್ನ, ಕೋಟೆ ಬಾಗಿಲ ಬಳಿಯ ಹೋಟೆಲಿನ ಹಿಂದಿನ ಕೋಣೆಯಲ್ಲಿ ಏಳು ಜನ ಮುದುಕರು ಸೇರುತ್ತಿದ್ದರು. ಮೊದಲು ಕಾಫಿ, ಆಮೇಲೆ ಬಿಯರು. ಒಂದನೇ ಮಹಾಯುದ್ಧ ಮುಗಿಯುವವರೆಗೆ ಆಳಿದ ಚಕ್ರವರ್ತಿ ಕೈಸರನ ಕಾಲದ ಪಟಗಳು ಮಾತ್ರ ಅಲ್ಲಿ ಮೇಜಿಗೆ ಬರಬೇಕು. ಹಿಟ್ಲರನ ಕಾಲದ ಚಿಹ್ನೆ ಇರುವ ಪಟ ತಂದವನನ್ನು ಹೋಟೆಲಿನ ಯಜಮಾನಿಯೇ ಕೋಟು ಕೈಗೆ ಕೊಟ್ಟು ಹೊರಗೆ ಕಳಿಸುತ್ತಿದ್ದಳು. ಊರವರು ಅಟ್ಟದಲ್ಲಿ ಸಿಕ್ಕ ಫೋಟೋ ತಂದು, ಈ ಮೀಸೆಯವನು ನಮಗೇನಾಗಬೇಕು ಎಂದು ಕೇಳುವರು. ಆಗಿನ ಕಾಲದಲ್ಲಿ ಒಂದೊಂದು ಪುಟ್ಟ ರಾಜ್ಯಕ್ಕೂ ಅದರದೇ ಪದಕ, ಅದರದೇ ರಿಬ್ಬನ್ನು. ರಿಬ್ಬನ್ನು ಹಿಡಿದರೆ ರಾಜ್ಯ ಸಿಗುತ್ತದೆ, ರಾಜ್ಯ ಸಿಕ್ಕರೆ ಪಡೆ, ಪಡೆ ಸಿಕ್ಕರೆ ಹಳೆಯ ಅಚ್ಚಿನ ಪಟ್ಟಿಯಲ್ಲಿ ಆ ಮನುಷ್ಯ. ಎರಡು ವರ್ಷದೊಳಗೆ ಕೂಟದಲ್ಲಿ ಕೆಟ್ಲರಮ್ಮನ ಮಾತೇ ಕೊನೆಯ ಮಾತಾಯಿತು.

ಹಾಗೆ ಹತ್ತು ವರ್ಷದ ಹಿಂದೆ ಬಂದವರು ಬೇಕರಿಯ ಲೋಥರ್ ಬ್ರೇಮೆ. ಅವರ ಅಜ್ಜ ಕೊನ್ರಾಡ್ ಬ್ರೇಮೆ ಒಂದನೇ ಮಹಾಯುದ್ಧದಲ್ಲಿ ಸತ್ತವರು. ಎಳೆಗೂಸನ್ನು ಎತ್ತಿಕೊಂಡು ತವರಿಗೆ ಬಂದ ಅಜ್ಜಿ, ಗಂಡನ ಬಗ್ಗೆ ಒಂದು ಮಾತೂ ಆಡದೆ ಕಣ್ಣು ಮುಚ್ಚಿದಳು. ಉಳಿದದ್ದು ಒಂದು ಫೋಟೋ. ಸ್ಟುಡಿಯೋದ ಹೆಸರಿದ್ದ ಅಂಚನ್ನು ಯಾರೋ ಚೌಕಟ್ಟಿಗೆ ಕೂರಲೆಂದು ಕತ್ತರಿಸಿದ್ದರು. ಹೆಗಲ ಮೇಲೆ ಹೊದ್ದ ದೊಡ್ಡ ಕೋಟು ಭುಜದ ಗುರುತುಗಳನ್ನೆಲ್ಲ ಮುಚ್ಚಿತ್ತು. ಗುಂಡಿಯ ತೂತಿನಲ್ಲಿ ಸಿಕ್ಕಿಸಿದ ಒಂದು ರಿಬ್ಬನ್ನು ಮಾತ್ರ ಕಾಣುತ್ತಿತ್ತು. ಲೋಥರ್ ಚಿಕ್ಕವರಿದ್ದಾಗ ಆ ಪಟ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿಕೊಂಡಿತ್ತಂತೆ. ಕಮ್ಯುನಿಸ್ಟರ ಆಡಳಿತದ ಆ ದಿನಗಳಲ್ಲಿ ಸೇನಾಧಿಕಾರಿಯ ಮೊಮ್ಮಗ ಅನ್ನಿಸಿಕೊಳ್ಳುವುದು ಯಾರಿಗೂ ಬೇಡವಾಗಿತ್ತು. ದೊಡ್ಡವರಾದ ಮೇಲೂ, ಈ ಮನುಷ್ಯ ಎಷ್ಟು ಜನರನ್ನು ಕೊಂದಿರಬಹುದು ಎಂಬ ಯೋಚನೆ ಅವರನ್ನು ಬಿಟ್ಟಿರಲಿಲ್ಲ.

ಕೆಟ್ಲರಮ್ಮ ಭೂತಗನ್ನಡಿ ಇಟ್ಟು ನೋಡಿದರು. ಬಿಳಿ ರಿಬ್ಬನ್ನು, ಕಪ್ಪು ಪಟ್ಟೆ. ಕಾದಿದವರಿಗೆ ಕೊಡುವ ಕಬ್ಬಿಣದ ಶಿಲುಬೆ ಎಂಬ ಪದಕಕ್ಕೆ ಕಪ್ಪು ರಿಬ್ಬನ್ನಿನ ಮೇಲೆ ಬಿಳಿ ಪಟ್ಟೆ ಇರುತ್ತದೆ. ಬಂದೂಕು ಹಿಡಿಯದೆ ಸೇವೆ ಮಾಡಿದವರಿಗೆ ಅದೇ ತಿರುವುಮುರುವು. ಇವರು ಕಾದಿದವರಲ್ಲ, ಬಹುಶಃ ಸೇನೆಯ ರೊಟ್ಟಿ ಉಗ್ರಾಣ ನೋಡಿಕೊಂಡಿದ್ದ ಅಧಿಕಾರಿ ಎಂದು ಆಕೆ ಹೇಳಿದರು. ಲೋಥರ್ ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ಕಣ್ಣು ಒರೆಸಿಕೊಂಡರು. ಮಾರನೆಯ ದಿನವೇ ಪಟ ಬೇಕರಿಯ ಗೋಡೆ ಏರಿತು. ಕೆಳಗೆ ಒಂದು ಚೀಟಿ: ಕೊನ್ರಾಡ್ ಬ್ರೇಮೆ, ರೊಟ್ಟಿ ಉಗ್ರಾಣದ ಅಧಿಕಾರಿ. ಆಮೇಲೆ ‘ಬಹುಶಃ’ ಅನ್ನುವ ಮಾತು ಕೆಟ್ಲರಮ್ಮನ ನೆನಪಿನಿಂದಲೂ ಉದುರಿಹೋಯಿತು. ಊರವರು ಬೆಳಿಗ್ಗೆ ಬನ್ನು ಕೊಳ್ಳುವಾಗ ಅಜ್ಜನಿಗೂ ಒಂದು ನಮಸ್ಕಾರ ಹೇಳುವುದು ರೂಢಿಯಾಯಿತು.

ಈ ಏಪ್ರಿಲ್ಲಿನ ಕೂಟದಲ್ಲಿ ಮಾನ್‌ಫ್ರೆಡ್ ಒಂದು ಆಟ ಹೂಡಿದ. ನೂರು ವರ್ಷದ ಹಿಂದಿನ ರೀತಿಯಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕ ಮದ್ದು ಬಳಿದು ಫೋಟೋ ತೆಗೆಯುವುದನ್ನು ಅವನು ಕಲಿತಿದ್ದ. ಕೂಟದವರ ಹತ್ತಿರವಿದ್ದ ಹನ್ನೆರಡು ರಿಬ್ಬನ್ನುಗಳ ಫೋಟೋ ಹಾಗೆ ತೆಗೆದು, ಪಟ ಮೇಜಿನ ಮೇಲಿಟ್ಟು, ಹೆಸರು ಹೇಳಿ ಅಂದ. ಕೆಟ್ಲರಮ್ಮ ಒಂದೊಂದನ್ನೇ ಹೇಳುತ್ತ ಬಂದು ಏಳನೆಯದಕ್ಕೆ, ಇದು ಬಂದೂಕು ಹಿಡಿಯದವರ ಶಿಲುಬೆಯದು ಅಂದರು. ಮಾನ್‌ಫ್ರೆಡ್ ಜೇಬಿನಿಂದ ಆ ರಿಬ್ಬನ್ನು ತೆಗೆದು ತೋರಿಸಿದ. ತಿಳಿ ನೀಲಿ, ಕೆಂಪು ಪಟ್ಟೆ. ಹೆಸ್ಸೆನ್ ರಾಜ್ಯದ ಶೌರ್ಯ ಪದಕದ್ದು. ಹಳೆಯ ಮದ್ದಿಗೆ ನೀಲಿ ಬಿಳಿಯಾಗಿ ಕಾಣುತ್ತದೆ, ಕೆಂಪು ಕಪ್ಪಾಗಿ.

ಮುದುಕರು ಮೇಜು ಗುದ್ದಿ ನಕ್ಕರು. "ರೋಸ್ವಿತಾ ಬಿದ್ಲು ನೋಡ್ರಪ್ಪ, ಇವತ್ತಿನ ಬಿಯರು ಅವಳ್ದೇ," ಅಂದ ಮಾನ್‌ಫ್ರೆಡ್. ಕೆಟ್ಲರಮ್ಮ ನಗಲಿಲ್ಲ. ಬಿಯರಿಗೆ ಹೇಳಿ, ಕೋಟು ಹಾಕಿಕೊಂಡು ಮನೆಗೆ ಹೋದರು.

ಮನೆಯಲ್ಲಿ ಕೊನ್ರಾಡ್ ಬ್ರೇಮೆಯ ಪಟದ ಪ್ರತಿ ಇತ್ತು. ಭೂತಗನ್ನಡಿ ಇಟ್ಟು ಅಂಗಿಯ ಕಾಲರನ್ನೂ ರಿಬ್ಬನ್ನನ್ನೂ ಒಟ್ಟಿಗೆ ನೋಡಿದರು. ಕಾಲರು ನಿಜವಾದ ಬಿಳಿ. ರಿಬ್ಬನ್ನು ಒಂದು ಕೂದಲೆಳೆಯಷ್ಟು ಮಂಕು. ಅಂಗಡಿಯಲ್ಲಿ ಯಾರಾದರೂ ಆ ಎರಡನ್ನು ಜೊತೆಗಿಟ್ಟು ಬಿಳಿ ಅಂದಿದ್ದರೆ ಆಕೆ ಅವರಿಗೆ ಕನ್ನಡಕ ಕೊಳ್ಳಲು ಹೇಳುತ್ತಿದ್ದರು. ಹಿಂದೆ ಹೆಸ್ಸೆನ್ನಿನ ರಾಜಧಾನಿಯಾಗಿದ್ದ ಡಾರ್ಮ್‌ಸ್ಟಾಟ್‌ನ ಒಬ್ಬ ಪದಕ ಸಂಗ್ರಾಹಕರಿಗೆ ಕಾಗದ ಬರೆದರು. ಮೂರು ವಾರಕ್ಕೆ ಉತ್ತರ ಬಂತು. ಹೆಸ್ಸೆನ್ನಿನ ಕಾಲಾಳು ಪಡೆಯ ಹಳೆಯ ಪುಸ್ತಿಕೆಯೊಂದರಲ್ಲಿ ಹೆಸರಿದೆ: ಲೆಫ್ಟಿನೆಂಟ್ ಕೊನ್ರಾಡ್ ಬ್ರೇಮೆ, ಶೌರ್ಯ ಪದಕ, ೧೯೧೬. ಯಾವ ಕೆಲಸಕ್ಕೆ ಪದಕ ಎಂಬುದಿಲ್ಲ, ಆ ಕಾಗದಗಳೆಲ್ಲ ಮುಂದಿನ ಯುದ್ಧದಲ್ಲಿ ಸುಟ್ಟುಹೋಗಿವೆ.

ಮಾನ್‌ಫ್ರೆಡ್ ಮನೆಗೇ ಬಂದು ಬುದ್ಧಿ ಹೇಳಿದ. ಲೋಥರನಿಗೆ ಎಪ್ಪತ್ತಮೂರು, ಅಜ್ಜನ ಜೊತೆ ಹಾಯಾಗಿದ್ದಾನೆ, ಇದರಿಂದ ಯಾರ ಗಂಟೇನೂ ಹೋಗಿಲ್ಲ, ಬಾಯಿ ಮುಚ್ಚಿಕೊಂಡಿರು ಅಂದ.

"ನೀಲಿ ಕೊಟ್ಟು ಬಿಳಿ ಅಂದಿದೀನಿ ಮಾನ್‌ಫ್ರೆಡ್. ಗಿರಾಕಿ ಖುಷಿಯಾಗಿದಾನೆ ಅಂತ ಅದು ಬಿಳಿ ಆಗತ್ತಾ?"

"ಗಿರಾಕಿ ಅಳ್ತಾನೆ ಆಮೇಲೆ."

"ಅಳ್ಲಿ. ನಾನೂ ಪಕ್ಕದಲ್ಲಿ ಕೂತ್ಕೋತೀನಿ."

ಮಾತು ಹಾಗೆ ಬಂದರೂ ಬೇಕರಿಯ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸು ಬಂದರು. ಮೂರನೆಯ ಸಲ ಮಧ್ಯಾಹ್ನದ ಬಿಡುವಿನಲ್ಲಿ ಒಳಗೆ ಹೋದರು. ಲೋಥರ್ ಕಾಫಿ ಬಸಿದು, ಪ್ಲಮ್ಮಿನ ಕೇಕಿನ ತುಂಡು ತಂದಿಟ್ಟರು. ಕೆಟ್ಲರಮ್ಮ ಕೇಕು ಮುಟ್ಟದೆ ಎಲ್ಲವನ್ನೂ ಹೇಳಿದರು. ಗಾಜಿನ ಫಲಕ, ನೀಲಿ, ಕೆಂಪು, ಡಾರ್ಮ್‌ಸ್ಟಾಟ್‌ನ ಕಾಗದ.

ಲೋಥರ್ ಏಪ್ರನ್ನಿನ ಹಿಟ್ಟು ಕೊಡವಿಕೊಂಡರು. "ಹಾಗಾದ್ರೆ ಕೊಂದಿರ್ಬೇಕು," ಅಂದರು.

"ಗೊತ್ತಿಲ್ಲ ಬ್ರೇಮೆಯವರೇ. ಧೈರ್ಯ ಮಾಡಿದ್ರು ಅಂತ ಮಾತ್ರ ರಿಬ್ಬನ್ನು ಹೇಳತ್ತೆ. ಯಾರನ್ನಾದ್ರೂ ಹೊಡೆದ್ರೋ, ಯಾರನ್ನಾದ್ರೂ ಹೊತ್ಕೊಂಡು ಬಂದ್ರೋ, ಅದು ಹೇಳಲ್ಲ."

"ಈ ಸಲ ಖಾತ್ರಿನಾ?"

"ಖಾತ್ರಿ. ಮೊದಲನೇ ಸಲವೂ ಖಾತ್ರಿ ಅಂತಲೇ ಅಂದ್ಕೊಂಡಿದ್ದೆ, ಅದೂ ನಿಜ."

ಲೋಥರ್ ಎದ್ದು ಗೋಡೆಯ ಪಟ ನೋಡಿದರು. ಹತ್ತು ವರ್ಷ ಪ್ರತಿ ಮುಂಜಾನೆ ಮೊದಲ ಬನ್ನು ಒಲೆಯಿಂದ ತೆಗೆದಾಗ ಈ ಮನುಷ್ಯನಿಗೆ ಅದರ ಬಣ್ಣ ತೋರಿಸುತ್ತಿದ್ದೆ ಅಂದರು. ಹಿಟ್ಟಿನ ಬೆಲೆ, ಮಗಳು ಜಿಲ್ಕೆಯ ಮೊಂಡಾಟ, ತನ್ನ ಮೊಣಕಾಲು ನೋವು, ಎಲ್ಲ ಈತನಿಗೆ ಹೇಳಿಕೊಳ್ಳುತ್ತಿದ್ದೆ ಅಂದರು. "ರೊಟ್ಟಿಯವನನ್ನ ಪ್ರೀತಿಸೋದು ಸುಲಭ ಇತ್ತು ಕೆಟ್ಲರಮ್ಮ. ಇವನ ಹತ್ರ ಮೊದಲಿಂದ ಶುರು ಮಾಡ್ಬೇಕು."

ಪಟ ತೆಗೆದುಬಿಡುತ್ತೀರಾ ಎಂದು ಆಕೆ ಕೇಳಿದರು. ಲೋಥರ್ ತಲೆ ಅಲ್ಲಾಡಿಸಿದರು. ಒಂದು ಸಲ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾಗಿದೆ, ಮತ್ತೆ ಹಾಗೆ ಮಾಡುವುದಿಲ್ಲ ಅಂದರು. ಚೀಟಿಯನ್ನು ಮಾತ್ರ ಕಿತ್ತರು. ಅದನ್ನು ಆಕೆಯ ಕೈಯಲ್ಲಿಟ್ಟು, "ಊರಿಗೆಲ್ಲ ನಿಮ್ಮ ಮಾತು ನಂಬಿ ಹೇಳಿದೆ. ಈಗ ಅಲ್ಲ ಅಂತ ಹೇಳೋದೂ ನೀವೇ. ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ," ಅಂದರು.

ಆರಕ್ಕೆ ಐದು ನಿಮಿಷವಿರುವಾಗ ಕೆಟ್ಲರಮ್ಮ ಬೇಕರಿಯ ಮೇಜಿನ ಹಿಂದೆ, ಜಿಲ್ಕೆ ಕೊಟ್ಟ ಏಪ್ರನ್ನು ಕಟ್ಟಿಕೊಂಡು ನಿಂತಿದ್ದರು. ಅಂಚೆಯವನು ಬಂದ, ಶಾಲೆಯ ಅಡುಗೆಯವಳು ಬಂದಳು, ಚರ್ಚಿನ ಆರ್ಗನ್ ನುಡಿಸುವವರು ಬಂದರು. ಪ್ರತಿಯೊಬ್ಬರೂ ಚೀಟಿ ಎಲ್ಲಿ ಅಂದರು. ಆಕೆ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದರು, ತಪ್ಪು ನನ್ನದು ಎಂದು ಸೇರಿಸಿ. ಅಂಚೆಯವನು, ಹಾಗಾದರೆ ನಮ್ಮ ಮಾವನ ಪಟವನ್ನೂ ಇನ್ನೊಂದು ಸಲ ನೋಡಿಬಿಡಿ ಎಂದು ಚುಚ್ಚಿದ. ನೋಡುತ್ತೇನೆ ಅಂದರು.

ಎಂಟು ಗಂಟೆಯ ಹೊತ್ತಿಗೆ ಔಷಧಿ ಅಂಗಡಿಯವರ ಅಮ್ಮ ಕೋಲೂರಿಕೊಂಡು ಬಂದರು. ಕಿವಿ ಮಂದ. ನಿಮ್ಮ ರೊಟ್ಟಿ ಅಧಿಕಾರಿಗೆ ನಮಸ್ಕಾರ ಹೇಳಿ ಅಂದರು. ಕೆಟ್ಲರಮ್ಮ ಮತ್ತೆ ಮೊದಲಿನಿಂದ ಶುರು ಮಾಡಿದರು, ಎರಡು ಗಂಟೆ ಹೇಳಿ ಹೇಳಿ ದನಿ ಬಿದ್ದಿತ್ತು, ಮುದುಕಿಗೆ ಕೇಳಿಸಲಿಲ್ಲ. ಒಲೆಯ ಕಡೆಯಿಂದ ಲೋಥರ್ ಹಿಟ್ಟಿನ ಕೈಯಲ್ಲೇ ಮುಂದೆ ಬಂದು, ಮುದುಕಿಯ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದರು.

"ಅವರು ರೊಟ್ಟಿಯವರಲ್ಲ ಅಜ್ಜಿ, ಲೆಫ್ಟಿನೆಂಟು. ಏನು ಮಾಡಿದ್ರೋ ನಮಗೆ ಗೊತ್ತಿಲ್ಲ. ನಮಸ್ಕಾರ ಮಾತ್ರ ಹೇಳ್ತೀನಿ."